ಗಾಳಿಗೊಂದು ತೋಳು

ನಮ್ಮ ಷೆಡ್ಡಿನಲ್ಲಿ ಎರಡು ಮಷೀನು. ಒಂದು ನನ್ನ ಹೊಲಿಗೆ ಮಷೀನು, ಇನ್ನೊಂದು ಸೊಸೆಯ ಡೈನೋ. ನನ್ನದು ಕಿಟಕಿಯ ಕೆಳಗೆ, ಮದುವೆಯಾಗಿ ಬಂದ ವರ್ಷದಿಂದಲೂ ಅಲ್ಲೇ ಇದೆ. ಕಾರಿನ ಸೀಟುಗಳಿಗೆ ಕವರು ಹೊಲಿಯುವುದು, ಹರಿದದ್ದಕ್ಕೆ ಹೊಸ ರೆಕ್ಸಿನ್ ಹಾಕುವುದು ನನ್ನ ಕೆಲಸ. ಸೊಸೆಯದು ಷೆಡ್ಡಿನ ನಟ್ಟನಡುವೆ, ನೆಲ ಅಗೆದು ಕೂರಿಸಿರುವುದು. ಮೇಲಿನಿಂದ ನೋಡಿದರೆ ಎರಡು ದಪ್ಪ ಉರುಳೆಗಳ ಬೆನ್ನು ಮಾತ್ರ ಕಾಣುತ್ತದೆ. ಕಾರಿನ ಗಾಲಿಗಳನ್ನು ಅದರ ಮೇಲೆ ನಿಲ್ಲಿಸಿ, ಮೂಲೆಮೂಲೆಗೂ ಬೆಲ್ಟು ಬಿಗಿದು ಓಡಿಸಿದರೆ ಗಾಲಿ ತಿರುಗುತ್ತದೆ, ಉರುಳೆ ತಿರುಗುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ಉರುಳೆಯನ್ನು ಎಷ್ಟು ಜೋರಾಗಿ ತಳ್ಳಿತು ಅನ್ನುವುದನ್ನು ನೋಡಿ, ಇಂಜಿನ್ನಿಗೆ ಇಷ್ಟು ಕುದುರೆಯ ಬಲ ಎಂದು ಪರದೆಯ ಮೇಲೆ ಅಂಕಿ ಬರುತ್ತದೆ.

"ಬೆಳಗ್ಗೆಯಿಂದ ಸಂಜೆ ತನಕ ಓಡಿ ಇದ್ದಲ್ಲೇ ಇರೋದು. ಥೇಟು ನಮ್ಮ ಸಂಸಾರ," ಅಂದಿದ್ದರು ನಮ್ಮ ಯಜಮಾನರು, ಅದನ್ನು ಮೊದಲ ಸಲ ನೋಡಿದ ದಿನ.

"ನೀವು ಯಾವತ್ತು ಓಡಿದ್ರಿ? ಓಡಿದ್ದು ನಾನು. ನೀವು ಉರುಳೆ," ಅಂದೆ.

ಸೊಸೆ ಬಾಯಿಗೆ ಸೆರಗಿಲ್ಲದ್ದರಿಂದ ಅಂಗಿಯ ತೋಳನ್ನೇ ಅಡ್ಡ ಹಿಡಿದು ನಕ್ಕಿದ್ದಳು. ಆಗಿನ್ನೂ ಮನೆಗೆ ಹೊಸಬಳು. ಮಗ ರೈಲು ಓಡಿಸುವವನು, ಮನೆಗಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ಷೆಡ್ಡಿನಲ್ಲಿ ಉಳಿಯುವವರು ನಾವು ಮೂವರೇ. ಅವಳು ಓದಿದ್ದು ಇಂಜಿನ್ನಿನ ವಿದ್ಯೆ. ಯಜಮಾನರು ಕಲಿತದ್ದು ಕೈಯಲ್ಲಿ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಎಷ್ಟು ಗೌರವ ಅಂದರೆ, ಒಂದು ಸ್ಪ್ಯಾನರ್ ಬೇಕಾದರೂ "ನಿಮ್ಮದು ಆಯ್ತಾ ಮಾವ?" "ಇಲ್ಲ ಇಲ್ಲ, ಮೊದಲು ನಿನ್ನದಾಗಲಿ ಕಣಮ್ಮ" ಅಂತ ನಡುವೆ ಕೆಲಸ ನಿಂತೇ ಹೋಗುತ್ತಿತ್ತು.

ಕೆಲಸಕ್ಕೆ ಒಂದು ಕ್ರಮ ಬಿದ್ದಿತ್ತು. ಯಜಮಾನರು ಕಾರನ್ನು ಉರುಳೆಯ ಮೇಲೆ ಹತ್ತಿಸುತ್ತಾರೆ, ಬೆಲ್ಟು ಬಿಗಿಯುತ್ತಾರೆ, ಬಾನೆಟ್ ತೆಗೆದು ಕಡ್ಡಿ ಆನಿಸಿ ನಿಲ್ಲಿಸುತ್ತಾರೆ, ದೊಡ್ಡ ಫ್ಯಾನನ್ನು ಮುಂದೆ ತಂದಿಟ್ಟು ಹಚ್ಚುತ್ತಾರೆ. ಆಮೇಲೆ ಸೊಸೆ ಒಳಗೆ ಕೂತು ಓಡಿಸುತ್ತಾಳೆ. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹೊಲಿಯುತ್ತೇನೆ. ವರ್ಷಗಳಿಂದ ಹೀಗೇ.

ನಮ್ಮ ಹತ್ತಿರ ಹೆಚ್ಚಾಗಿ ಬರುತ್ತಿದ್ದವರು ಗುಡ್ಡದ ರೇಸಿನವರು. ಊರಾಚೆಯ ಗುಡ್ಡದ ರಸ್ತೆಯನ್ನು ಒಬ್ಬೊಬ್ಬರಾಗಿ ಹತ್ತಬೇಕು, ಯಾರು ಬೇಗ ಹತ್ತುತ್ತಾರೋ ಅವರು ಗೆದ್ದ ಹಾಗೆ. ನೂರೈವತ್ತು ಕುದುರೆಯ ಒಳಗಿನ ಕಾರುಗಳದ್ದು ಚಿಕ್ಕ ಗುಂಪು, ಮೇಲಿನವುಗಳದ್ದು ದೊಡ್ಡ ಗುಂಪು. ಯಾವ ಕಾರು ಯಾವ ಗುಂಪಿಗೆ ಅನ್ನುವುದಕ್ಕೆ ನನ್ನ ಸೊಸೆ ಹೇಳಿದ ಅಂಕಿಯೇ ಕೊನೆಯ ಮಾತು. ಒಂದು ದಿನವೂ ಒಬ್ಬರೂ ತಕರಾರು ತೆಗೆದಿರಲಿಲ್ಲ.

ತೆಗೆದದ್ದು ಹಲ್ಲಿನ ಡಾಕ್ಟ್ರ ಕಾರಿನ ಸಲುವಾಗಿ.

ಹಲ್ಲಿನ ಡಾಕ್ಟ್ರು ನಮ್ಮ ಬೀದಿಯ ತುದಿಯಲ್ಲೇ ಇರುವವರು. ನಲವತ್ತು ದಾಟಿದ ಹೆಂಗಸು. ವಾರವೆಲ್ಲ ಜನರ ಬಾಯಿ ತೆರೆಸಿ, ಭಾನುವಾರ ಗುಡ್ಡ ಹತ್ತಿ ಜನ ಬಾಯಿ ಬಿಡುವ ಹಾಗೆ ಮಾಡುತ್ತಿದ್ದರು. ಅವರ ಹೊಸ ಕಾರು ಟರ್ಬೊ ಗಾಡಿ. ಬಾನೆಟ್ಟಿನ ಮೇಲೆ ಮುಂದಕ್ಕೆ ಬಾಯಿ ತೆರೆದ ಒಂದು ಉಬ್ಬು ಇತ್ತು. "ಇದೇನು, ಮೂಗಿಗಿಂತ ಮೂಗುತಿ ಭಾರ!" ಅಂತ ಯಜಮಾನರು ಅದನ್ನು ಸವರಿ ನೋಡಿದ್ದರು. ಆವತ್ತಿನಿಂದ ನಾವೆಲ್ಲ ಅದಕ್ಕೆ ಮೂಗು ಎಂದೇ ಹೆಸರಿಟ್ಟೆವು. ಸೊಸೆ ಅಳೆದಳು. ನೂರ ನಲವತ್ತಾರು ಬಂತು. ಚಿಕ್ಕ ಗುಂಪು.

ಭಾನುವಾರ ಆ ಕಾರು ಗುಡ್ಡ ಹತ್ತಿದ ರೀತಿಗೆ, ದೊಡ್ಡ ಗುಂಪಿನವರಲ್ಲೂ ಕೆಲವರು ಅದರ ಹಿಂದೆ ಉಳಿದರಂತೆ.

ಸೋಮವಾರ ಷೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ಪೀಪಿ ಮೇಷ್ಟ್ರು ನಿಂತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು, ಈಗ ರೇಸಿನ ಸಮಯ ನೋಡುವ ಹಿರಿಯರು. ಕೊರಳಿನ ಪೀಪಿ ಸ್ನಾನಕ್ಕೆ ಮಾತ್ರ ಇಳಿಯುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ.

"ಏನಮ್ಮ," ಅಂದರು ನನ್ನ ಸೊಸೆಗೆ, "ನೂರ ನಲವತ್ತಾರು ಕುದುರೆ ಅಂತ ಹೇಳಿದ್ದಿ. ಉಳಿದ ಕುದುರೆಗಳನ್ನ ಎಲ್ಲಿ ಬಚ್ಚಿಟ್ಟಿದ್ದಿ?"

"ಅಳತೆಯಲ್ಲಿ ಬಂದದ್ದನ್ನೇ ಹೇಳಿದ್ದೀನಿ ಸರ್."

"ನಾನೂ ಗಡಿಯಾರದಲ್ಲಿ ಬಂದದ್ದನ್ನೇ ಹೇಳ್ತಿದ್ದೀನಿ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ನನ್ನ ಗಡಿಯಾರಕ್ಕೆ ಡಾಕ್ಟ್ರು ಒಂದೇ ಬೀದಿಯವರಲ್ಲ."

ಯಜಮಾನರ ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು. "ಮೇಷ್ಟ್ರೇ, ಮಾತು ನೋಡಿ ಆಡಿ. ಈ ಷೆಡ್ಡಲ್ಲಿ ಇವತ್ತಿನ ತನಕ ಒಂದು ನಟ್ಟು ಕೂಡ ಸುಳ್ಳು ಹೇಳಿಲ್ಲ."

"ನಾನೊಬ್ಬ ಆಡಿದ್ದಲ್ಲ, ಎಲ್ಲರೂ ಆಡ್ತಿರೋದು. ಶನಿವಾರ ಎಲ್ಲರೂ ಕೂತು ಮಾತಾಡ್ತೀವಿ. ಡಾಕ್ಟ್ರು ಗೆದ್ದ ಕಪ್ಪು ಅಲ್ಲಿವರೆಗೆ ನನ್ನ ಹತ್ತಿರವೇ ಇರುತ್ತೆ. ಸರಿಯಾದ ಉತ್ತರ ಇಲ್ಲದಿದ್ರೆ ಇಲ್ಲಿಯ ಅಳತೆನ ಇನ್ನು ಮುಂದೆ ನಾವು ಒಪ್ಪೋದಿಲ್ಲ."

ಸೊಸೆಯ ಮುಖ ನೋಡಿದೆ. ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಅವಳು ಸಿಟ್ಟಾದರೆ ನನಗೆ ಚಿಂತೆಯಿಲ್ಲ, ಸುಮ್ಮನಾದರೆ ಚಿಂತೆ. "ಶನಿವಾರ ಇಲ್ಲಿಗೇ ಬನ್ನಿ ಸರ್. ನಿಮ್ಮೆದುರಿಗೇ ಅಳೀತೀನಿ," ಅಂದಳು, ಅಷ್ಟೆ.

ಮಧ್ಯಾಹ್ನ ಹಲ್ಲಿನ ಡಾಕ್ಟ್ರು ಬಿಳಿ ಕೋಟಿನಲ್ಲೇ ಓಡಿ ಬಂದರು. ಅಳತೆಯ ದಿನ ಇಂಜಿನ್ನಿನ ಬಲ ಬೇಕೆಂದೇ ತಗ್ಗಿಸಿ ತಂದಿದ್ದಾರೆ ಎಂದು ಅವರ ಮೇಲೂ ಮಾತು ಬಂದಿತ್ತು. "ನಾನು ಸುಳ್ಳು ಹಲ್ಲು ಕಟ್ಟೋಳು, ಸುಳ್ಳು ಲೆಕ್ಕ ಕಟ್ಟೋಳಲ್ಲ!" ಅಂದರು. ಕೀಲಿಯನ್ನು ನನ್ನ ಮಷೀನಿನ ಮೇಲೆ ಇಟ್ಟು, "ಕಾರು ಶನಿವಾರದ ತನಕ ಇಲ್ಲೇ ಇರಲಿ. ಏನು ಬೇಕಾದ್ರೂ ಬಿಚ್ಚಿ ನೋಡಿ. ಹೇಗೂ ಡ್ರೈವರ್ ಸೀಟಿನ ಅಂಚು ಬಿಟ್ಟಿದೆ, ಅದನ್ನೂ ಹೊಲಿದುಬಿಡಿ ಅಮ್ಮ," ಅಂತ ಹೇಳಿ ಓಡಿದರು. ಯಾರದೋ ಬಾಯಿಗೆ ಮರಗಟ್ಟುವ ಔಷಧಿ ಹಾಕಿ ಬಂದಿದ್ದರಂತೆ.

ಸೊಸೆ ಮತ್ತೆ ಅಳೆದಳು. ಮೊದಲ ಓಟಕ್ಕೆ ನೂರ ನಲವತ್ತಾರೇ ಬಂತು. ಎರಡನೆಯದಕ್ಕೆ ಇನ್ನೂ ಕಡಿಮೆ. ಮೂರನೆಯದಕ್ಕೆ ಅದಕ್ಕೂ ಕಡಿಮೆ.

"ಓಡಿಸಿದಷ್ಟೂ ಸೋಲ್ತಿದೆಯಲ್ಲ," ಅಂದಳು ಪರದೆಗೆ.

ಊಟದ ಹೊತ್ತಿಗೆ ನಾನು ಕೇಳಿದೆ. "ಟರ್ಬೊ ಟರ್ಬೊ ಅಂತೀರಲ್ಲ, ಅದೇನು ಅಂತ ನನಗೊಂದು ಸಲ ಬಿಡಿಸಿ ಹೇಳು. ಕೇಳಿದ ಹಾಗೂ ಆಯ್ತು, ಹೇಳ್ತಾ ಹೇಳ್ತಾ ನಿನಗೇ ಏನಾದ್ರೂ ಹೊಳೀಲೂಬಹುದು."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ಇಂಜಿನ್ನಿಂದ ಹೊಗೆ ರಭಸವಾಗಿ ಹೊರಗೆ ಹೋಗುತ್ತಲ್ಲ ಅತ್ತೆ, ಆ ರಭಸಕ್ಕೆ ಒಂದು ಪುಟ್ಟ ಚಕ್ರ ಕೊಟ್ಟಿರ್ತಾರೆ. ಅದು ತಿರುಗಿ, ಅದರ ಜೋಡಿಯ ಇನ್ನೊಂದು ಚಕ್ರ ಹೊರಗಿನ ಗಾಳೀನ ಒತ್ತಿ ಇಂಜಿನ್ ಒಳಗೆ ತುರುಕುತ್ತೆ. ಗಾಳಿ ಜಾಸ್ತಿ ಹೋದ್ರೆ ಬಲ ಜಾಸ್ತಿ. ಆದ್ರೆ ಒತ್ತಿದ ಗಾಳಿ ಕಾಯುತ್ತೆ. ಸೈಕಲ್ ಪಂಪು ಹೊಡೆದು ನೋಡಿದ್ದೀರಲ್ಲ, ತುದಿ ಸುಡುತ್ತೆ."

"ಹೌದು, ಬಿಸಿಯಾಗುತ್ತೆ."

"ಬಿಸಿ ಗಾಳಿ ಅರಳಿಕೊಂಡಿರುತ್ತೆ, ಅದರಲ್ಲಿ ಸತ್ವ ಕಡಿಮೆ. ಜೊತೆಗೆ ಇಂಜಿನ್ನಿಗೂ ಕೇಡು. ಅದಕ್ಕೇ ಒಳಗಿರೋ ಕಂಪ್ಯೂಟರು, ಬಿಸಿ ಕಂಡ್ರೆ ತಾನೇ ಬಲ ತಗ್ಗಿಸಿಬಿಡುತ್ತೆ. ಜ್ವರ ಬಂದ ಮಗೂನ ಆಟಕ್ಕೆ ಬಿಡದೆ ಕೂರಿಸೋ ಹಾಗೆ. ಹಾಗಾಗಬಾರ್ದು ಅಂತ ಟರ್ಬೊಗೂ ಇಂಜಿನ್ನಿಗೂ ನಡುವೆ ಗಾಳಿ ಆರಿಸೋ ಒಂದು ಡಬ್ಬಿ ಇರುತ್ತೆ. ಇಂಟರ್‌ಕೂಲರ್ ಅಂತ."

"ಅಂದ್ರೆ ಇಲ್ಲಿ ಜ್ವರ ಬರ್ತಿದೆ, ರಸ್ತೆಯಲ್ಲಿ ಬರ್ತಿಲ್ಲ."

"ಇರಬಹುದು. ಇನ್ನೊಂದು ಅನುಮಾನವೂ ಇದೆ. ರಸ್ತೆಯಲ್ಲಿ ಕಾರು ತನ್ನ ಭಾರ ತಾನೇ ಎಳೀಬೇಕು, ಎದುರುಗಾಳೀನೂ ಸೀಳಬೇಕು. ಕಷ್ಟಪಟ್ಟು ನಿಧಾನಕ್ಕೆ ವೇಗ ಏರುತ್ತೆ. ಅಷ್ಟರಲ್ಲಿ ಟರ್ಬೊ ದಮ್ಮು ತುಂಬಿಕೊಳ್ಳುತ್ತೆ. ಉರುಳೆ ಹಗುರ. ಟರ್ಬೊ ಏಳೋದರೊಳಗೆ ಓಟವೇ ಮುಗಿದುಹೋಗುತ್ತೆ."

ಆ ಅನುಮಾನವನ್ನೇ ಮೊದಲು ಹಿಡಿದಳು. ಉರುಳೆಗೆ ಬ್ರೇಕು ಕೊಟ್ಟು, ಬೇಕೆಂದೇ ಭಾರ ಮಾಡಿ ಓಡಿಸಿದಳು. ಮೊದಲರ್ಧದಲ್ಲಿ ಕಾರು ಚುರುಕಾಯಿತು, ಕೊನೆಗೆ ಬಂದಾಗ ಮತ್ತೆ ಕುಸಿಯಿತು. ಭಾರ ಹೆಚ್ಚಾದಷ್ಟೂ ಬಿಸಿಯೂ ಹೆಚ್ಚು. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು.

"ರಸ್ತೆಗೆ ಹೋಗಿ ನೋಡೋಣ," ಅಂದಳು ಮರುದಿನ. "ನಾನು ಓಡಿಸ್ತೀನಿ. ಇಂಜಿನ್ನಿಗೆ ಹೋಗೋ ಗಾಳಿಯ ಬಿಸಿ ತೋರಿಸೋ ಪರದೆ ನೋಡಿ ಯಾರಾದ್ರೂ ಹೇಳ್ತಾ ಇರಬೇಕು."

ಯಜಮಾನರು ಕನ್ನಡಕ ಹುಡುಕುತ್ತಿದ್ದರು. ಅದು ಅವರ ಹಣೆಯ ಮೇಲೆ ಇತ್ತು. ನಾನು ಹೋಗಿ ಕೂತೆ.

ಸೊಸೆ ಗುಡ್ಡದ ಬುಡದಿಂದ ಮೆಲ್ಲಗೆ ಹೊರಟಳು. ನನ್ನ ತೊಡೆಯ ಮೇಲೆ ಪುಟ್ಟ ಪರದೆ. ಅಂಕಿ ಓದಲು ನನಗೇನು ಕಷ್ಟ, ಅಳತೆ ಟೇಪು ಹಿಡಿದೇ ತಲೆ ನೆರೆದಿದೆ.

"ಎಷ್ಟು ಅತ್ತೆ?"

"ನಲವತ್ತೆಂಟು."

ಕಾಲು ಒತ್ತಿದಳು. ಸೀಟು ನನ್ನ ಬೆನ್ನನ್ನು ಹಿಂದಿನಿಂದ ತಳ್ಳಿತು. ತಿರುವಿನಲ್ಲಿ ನನ್ನ ಕೈ ತಾನಾಗಿ ಮೇಲಿನ ಹಿಡಿ ಹಿಡಿಯಿತು.

"ಈಗ?"

"ನಲವತ್ತೈದು... ಮೂರು... ನಲವತ್ತು. ಇಳೀತಿದೆ ಕಣೇ! ಇನ್ನೂ ಜೋರಾಗಿ ಹೋಗು!"

"ಭಯ ಆಗ್ತಿಲ್ವಾ?"

"ನಿನ್ನ ಮಾವನ ಸ್ಕೂಟರಿನ ಹಿಂದೆ ಕೂತವಳು ನಾನು. ಇದೆಲ್ಲ ಯಾವ ಭಯ, ಹೋಗು!"

ಮೇಲೆ ಮುಟ್ಟುವಾಗ ಮೂವತ್ತೆಂಟು. ಷೆಡ್ಡಿನಲ್ಲಿ ಇದೇ ಅಂಕಿ ಎಪ್ಪತ್ತು ದಾಟಿತ್ತು. ಜೋರಾಗಿ ಹೋದಷ್ಟೂ ಇಲ್ಲಿ ತಂಪಾಗುತ್ತದೆ, ಜೋರಾಗಿ ಓಡಿಸಿದಷ್ಟೂ ಅಲ್ಲಿ ಕಾಯುತ್ತದೆ. ಗುಡ್ಡದ ತುದಿಯಲ್ಲಿ ಗಾಡಿ ನಿಲ್ಲಿಸಿ ಸೊಸೆ ಸ್ಟಿಯರಿಂಗಿನ ಮೇಲೆ ಗಲ್ಲ ಊರಿದಳು.

"ನಮ್ಮ ಫ್ಯಾನು ಚಿಕ್ಕದಾಯ್ತು ಅಂತಲೇ ಇಟ್ಟುಕೊಳ್ಳೋಣ. ಆದ್ರೂ ಇಷ್ಟು ವ್ಯತ್ಯಾಸ ಬರಬಾರ್ದು. ಅದರ ಮುಂದೆ ನಿಂತ್ರೆ ನನ್ನ ಟೋಪಿ ಹಾರಿಹೋಗುತ್ತೆ. ಆ ಗಾಳಿಯೆಲ್ಲ ಎಲ್ಲಿಗೆ ಹೋಗ್ತಿದೆ?"

ವಾಪಸು ಬಂದವಳೇ ನನ್ನ ಹತ್ತಿರ ಕೈ ಚಾಚಿದಳು. "ಅತ್ತೆ, ದಾರ ಕೊಡಿ. ಹಗುರದ್ದು. ಕೆಂಪು ಇದ್ರೆ ಒಳ್ಳೇದು."

ನಾನು ಒಂದು ಉಂಡೆಯನ್ನೇ ಕೊಟ್ಟೆ. ಅವಳು ಬೆರಳುದ್ದದ ತುಂಡು ಮಾಡಿ, ಕಾರಿನ ಮೂತಿಯ ಜಾಲರಿಗೆ, ಅಂಚಿಗೆ, ಇಂಜಿನ್ನಿನ ಮೇಲೆ ಅಲ್ಲಲ್ಲಿ ಅಂಟಿಸಿದಳು. ನಾನೂ ಕೈಗೂಡಿಸಿದೆ. ಯಜಮಾನರು ಎಂದಿನಂತೆ ಬಾನೆಟ್ ತೆಗೆದು ನಿಲ್ಲಿಸಿ, ಫ್ಯಾನು ಹಚ್ಚಿ, "ಇದೇನು ಗಾಡಿಗೆ ದೃಷ್ಟಿ ತೆಗೀತಿದ್ದೀರಾ ಅತ್ತೆ ಸೊಸೆ ಸೇರಿ?" ಅಂತ ಚಹಾ ಲೋಟ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತರು.

ಸೊಸೆ ಒಂದು ಓಟ ಓಡಿಸಿ ಇಳಿದು ಬಂದಳು. ಜಾಲರಿಯ ದಾರಗಳು ಒಳಮುಖವಾಗಿ ಪಟಪಟ ಬಡಿದವು. ಪಕ್ಕದವು ಹಾರಿದವು. ಆದರೆ ಆ ಗಾಳಿ ಆರಿಸುವ ಡಬ್ಬಿ ಇಂಜಿನ್ನಿನ ನೆತ್ತಿಯ ಮೇಲೆ ಮಲಗಿತ್ತು. ಅದರ ಮೇಲಿನ ದಾರಗಳು ಅಲುಗಲೇ ಇಲ್ಲ. ಸೊಸೆ ಅದರ ಮೇಲೆ ಕೈಯಿಟ್ಟು ಚಟ್ಟನೆ ತೆಗೆದಳು. "ಅಬ್ಬ, ಕಾದ ಹೆಂಚು!"

ಮರುಕ್ಷಣ ಇಬ್ಬರೂ ಒಟ್ಟಿಗೇ ತಲೆ ಎತ್ತಿದೆವು. ನೆಟ್ಟಗೆ ನಿಂತಿದ್ದ ಬಾನೆಟ್ಟು. ಅದರ ಮೇಲಿನ ಮೂಗು ಷೆಡ್ಡಿನ ಸೂರು ನೋಡುತ್ತಿತ್ತು.

ಮುಚ್ಚಿದ್ದರೆ ಆ ಮೂಗು ನೇರವಾಗಿ ಡಬ್ಬಿಯ ಮೇಲೆ ಕೂರುತ್ತದೆ. ಎದುರಿನ ಗಾಳಿಯನ್ನೆಲ್ಲ ಕುಡಿದು ಡಬ್ಬಿಗೆ ಉಣಿಸುವುದಕ್ಕೇ ಅದು ಇರುವುದು. ನಾವು ಪ್ರತಿ ಸಲವೂ ಅದನ್ನು ಎತ್ತಿ ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸಿ, ಕಾರು ಏಕೆ ಸೋಲುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು.

ಈಗ ಇಬ್ಬರ ಕಣ್ಣೂ ಸ್ಟೂಲಿನ ಕಡೆ ಹೋಯಿತು.

"ನೀವು ಹೇಳಿ ಅತ್ತೆ," ಅಂದಳು ಮೆಲ್ಲಗೆ.

"ನಾನ್ಯಾಕೆ? ಮಷೀನು ನಿನ್ನದು."

"ಮಾವನಿಗೆ ಹೇಗೆ ಹೇಳೋದು? ಗಾಡಿ ಬಂದ ತಕ್ಷಣ ಬಾನೆಟ್ ತೆಗೆಯೋದು ಅವರ ಪದ್ಧತಿ. ತಪ್ಪು ಅಂತ ಹೇಗೆ..."

"ಏನದು ಗುಸುಗುಸು?" ಅಂದರು ಯಜಮಾನರು.

ಸೊಸೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. "ಮಾವ, ಬೇಜಾರು ಮಾಡ್ಕೋಬೇಡಿ. ಒಂದು ಸಲ... ಒಂದೇ ಸಲ ಬಾನೆಟ್ ಮುಚ್ಚಿ ಓಡಿಸಿದ್ರೆ ಆಗುತ್ತಾ?"

"ಯಾಕಾಗಬಾರದು? ಆದ್ರೆ ನೀನೇ ತಾನೆ ತೆಗೆದಿಡಬೇಕು ಅಂದಿದ್ದು?"

"ನಾನಾ? ನಾನೆಲ್ಲಿ ಅಂದೆ?"

"ಮಷೀನು ತಂದು ಕೂರಿಸಿದ ದಿನ! ಆ ಕಂಪನಿಯವನು ಬಾನೆಟ್ ತೆಗೆದು ಅದೆಂಥದೋ ತಂತಿ ಸಿಕ್ಕಿಸಿದ. ನೀನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ಓಹೋ, ಈ ಮಷೀನಿನ ಶಾಸ್ತ್ರ ಹೀಗೆ ಅಂತ ನಾನು ಅವತ್ತಿಂದ ಪಾಲಿಸ್ತಾ ಬಂದೆ."

"ಅಯ್ಯೋ ಮಾವ, ಆ ತಂತೀನ ಸಂದಿಯಿಂದ ಹೊರಗೆ ಎಳೆದು ಮುಚ್ಚಿದ್ರೂ ಆಗುತ್ತೆ! ನಾನು ನಿಮ್ಮ ಪದ್ಧತಿ ಅಂದ್ಕೊಂಡು ಸುಮ್ಮನಿದ್ದೆ."

"ನಾನು ನಿನ್ನ ವಿದ್ಯೆ ಅಂದ್ಕೊಂಡು ಸುಮ್ಮನಿದ್ದೆ."

ಒಬ್ಬರಿಗೊಬ್ಬರ ಮೇಲೆ ಮರ್ಯಾದೆ ಹೆಚ್ಚಾಗಿ ಕಾರಿಗೆ ಗಾಳಿ ಕಡಿಮೆಯಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮೊದಲು ಯಜಮಾನರ ಮೀಸೆ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು, ಕೊನೆಗೆ ಲೋಟದ ಚಹಾ ಅಂಗಿಯ ಮೇಲೆ ಬಿತ್ತು. ಇಷ್ಟು ವರ್ಷ ಇದು ಗೊತ್ತಾಗದೆ ಇದ್ದದ್ದಕ್ಕೂ ಕಾರಣವಿತ್ತು. ಬೇರೆ ಟರ್ಬೊ ಗಾಡಿಗಳಿಗೆಲ್ಲ ಆ ಡಬ್ಬಿ ಮೂತಿಯಲ್ಲೇ, ಜಾಲರಿಯ ಹಿಂದೆಯೇ ಇತ್ತು. ಬಾನೆಟ್ ತೆಗೆದರೂ ಮುಚ್ಚಿದರೂ ಫ್ಯಾನಿನ ಗಾಳಿ ಅದಕ್ಕೆ ನೇರ ಹೊಡೆಯುತ್ತಿತ್ತು. ನೆತ್ತಿಯ ಮೇಲೆ ಡಬ್ಬಿ ಹೊತ್ತು ಬಂದದ್ದು ಇದೊಂದೇ.

ಬಾನೆಟ್ ಮುಚ್ಚಿ ಓಡಿಸಿದಳು. ನೂರ ಐವತ್ತನಾಲ್ಕು.

ಆಗ ನಗು ನಿಂತಿತು. ನೂರೈವತ್ತು ದಾಟಿದ ಮೇಲೆ ಆ ಕಾರು ಚಿಕ್ಕ ಗುಂಪಿನದಲ್ಲ. ಡಾಕ್ಟ್ರ ಕಪ್ಪು ಡಾಕ್ಟ್ರದ್ದಲ್ಲ. ಸೊಸೆಯ ಮೊದಲಿನ ಅಂಕಿ ಸರಿಯಲ್ಲ.

ಯಜಮಾನರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೋಡಮ್ಮ, ಒಂದು ಮಾತು. ಶನಿವಾರ ಬಾನೆಟ್ ತೆಗೆದೇ ಓಡಿಸಿದ್ರೆ ಅದೇ ನೂರ ನಲವತ್ತಾರು ಬರುತ್ತೆ. ಅವರ ಕಣ್ಣೆದುರಿಗೇ ಬರುತ್ತೆ. ನೀನು ಸುಳ್ಳು ಹೇಳಿದ ಹಾಗೂ ಆಗಲ್ಲ, ಡಾಕ್ಟ್ರ ಕಪ್ಪೂ ಉಳಿಯುತ್ತೆ. ಮೇಷ್ಟ್ರು ಪೀಪಿ ಬಾಯಲ್ಲಿಟ್ಕೊಂಡು ಸುಮ್ಮನೆ ಹೋಗ್ತಾರೆ."

ನಾನು ಸೂಜಿಗೆ ದಾರ ಪೋಣಿಸುವ ಹಾಗೆ ತಲೆ ತಗ್ಗಿಸಿದೆ. ಇಂಥ ಹೊತ್ತಿನಲ್ಲಿ ದೊಡ್ಡವರು ನಡುವೆ ಬಾಯಿ ಹಾಕಬಾರದು.

ಸೊಸೆ ಬಹಳ ಹೊತ್ತು ಆ ಕೆಂಪು ದಾರಗಳನ್ನೇ ನೋಡಿದಳು. "ಅಂಕಿ ಉಳಿಯುತ್ತೆ ಮಾವ. ಆದ್ರೆ ಇನ್ಮೇಲೆ ನಾನು ಯಾವ ಅಂಕಿ ಹೇಳೋವಾಗ್ಲೂ ಈ ದಾರ ಕಣ್ಣ ಮುಂದೆ ಬರುತ್ತೆ."

"ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ಅಂತಾರಲ್ಲಮ್ಮ."

"ಬರಲಿ. ಕೆಂಡಕ್ಕೂ ನಮ್ಮ ಹತ್ತಿರ ಫ್ಯಾನಿದೆ."

ಯಜಮಾನರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. "ಸರಿ ಹಾಗಾದ್ರೆ," ಅಂದು ಒದ್ದೆ ಅಂಗಿ ಕೊಡವಿಕೊಂಡು ಎದ್ದರು. ಆ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಆದರೂ ಸೊಸೆಗೆ ಸಮಾಧಾನವಿಲ್ಲ. ಫ್ಯಾನು ಇರುವುದು ಕಾರಿನ ಮೂತಿಯ ಎತ್ತರಕ್ಕೆ, ಮೂಗು ಇರುವುದು ಅದಕ್ಕೂ ಮೇಲೆ. ಬಾನೆಟ್ ಮುಚ್ಚಿದರೂ ಅರ್ಧ ಗಾಳಿ ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ. ರಸ್ತೆಯಲ್ಲಿ ಹಾಗಲ್ಲ, ಅಲ್ಲಿ ಗಾಳಿಯೇ ರಸ್ತೆಯಷ್ಟು ಅಗಲ. "ಫ್ಯಾನಿನ ಬಾಯಿಂದ ಮೂಗಿನ ತನಕ ಒಂದು ದಾರಿ ಬೇಕು. ತಗಡಿನಲ್ಲಿ ಮಾಡಿಸೋಣ ಅಂದ್ರೆ ಪ್ರತಿ ಕಾರಿನ ಮೂಗೂ ಬೇರೆ ಬೇರೆ," ಅಂದಳು.

"ಅಂದ್ರೆ ಈ ಕಡೆ ಅಗಲ, ಆ ಕಡೆ ಕಿರಿದು. ಬೇಕಾದ ಹಾಗೆ ಬಾಗಬೇಕು, ಗಾಳಿ ಸೋರಬಾರದು," ಅಂದೆ.

"ಹೂಂ."

"ಅದಕ್ಕೆ ತೋಳು ಅಂತಾರೆ ಕಣೇ. ಭುಜದ ಹತ್ತಿರ ಅಗಲ, ಮುಂಗೈ ಹತ್ತಿರ ಕಿರಿದು."

ಅವಳು ನನ್ನನ್ನೇ ನೋಡಿ, ಓಡಿಹೋಗಿ ಅಳತೆ ಟೇಪು ತಂದಳು. ಅವಳು ಫ್ಯಾನಿನ ಸುತ್ತಳತೆ ಹಿಡಿದಳು, ನಾನು ಮೂಗಿನದು ಹಿಡಿದೆ. ಗಾಳಿ ಎಷ್ಟು ಕಿರಿದಾಗಬಹುದು, ಎಲ್ಲಿ ಬಾಗಬಹುದು ಅಂತ ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು, ಅದರ ಮೇಲೆ ನಾನು ರೆಕ್ಸಿನ್ ಹಾಸಿ ಕತ್ತರಿಸಿದೆ. ಕಪ್ಪು ಬಣ್ಣದ್ದು ಸಾಲಲಿಲ್ಲ, ಮಿಕ್ಕಿದ್ದ ಕಂದು ಸೇರಿಸಿದೆ. ಹೊಲಿದು ಕಟ್ಟಿ ಫ್ಯಾನು ಹಚ್ಚಿದರೆ, ತೋಳು ಮೊದಲು ಡೊಳ್ಳು ಹೊಟ್ಟೆಯ ಹಾಗೆ ಉಬ್ಬಿತು, ಮೊಣಕೈ ಹತ್ತಿರ ಪಟಪಟ ಹೊಡೆದುಕೊಂಡು ಮಡಚಿಕೊಂಡಿತು, ಆಮೇಲೆ ಟರ್ ಎಂದು ಹೊಲಿಗೆ ಬಿಟ್ಟು ಯಜಮಾನರ ತಲೆಯ ಮೇಲೆ ಬಿತ್ತು.

"ನನ್ನ ಅಳತೆ ತಗೊಂಡೇ ಇಲ್ವಲ್ಲ!" ಅಂದರು ಒಳಗಿನಿಂದ.

ಮರುದಿನ ಮತ್ತೆ ಕೂತೆ. ಈ ಸಲ ಜೋಡಿ ಹೊಲಿಗೆ ಹಾಕಿ, ಹೊಲಿಗೆಯ ಮೇಲೆ ಪಟ್ಟಿ ಕೊಟ್ಟೆ. ಮೊಣಕೈಗೆ ನೆರಿಗೆ ಬಿಟ್ಟೆ. ಯಜಮಾನರು ಕಬ್ಬಿಣದ ಸರಳನ್ನು ಬಳೆಯ ಹಾಗೆ ಬಗ್ಗಿಸಿ ಕೊಟ್ಟರು. ಬಳೆಗಳನ್ನು ತೋಳಿನ ಒಳಗೆ ಅಲ್ಲಲ್ಲಿ ಇಟ್ಟು ಹೊಲಿದೆ. ಸಂಜೆಗೆ ಕಟ್ಟಿ ನೋಡಿದರೆ ತೋಳು ನಿಂತಿತು. ಮುಂಗೈ ಮೂಗಿಗೆ ಸರಿಯಾಗಿ ಕೂತಿತು. ಕಂದು ಕಪ್ಪು ಪಟ್ಟೆಯ ದೊಡ್ಡ ಕಂಬಳಿಹುಳ ಕಾರನ್ನು ಮೂಸುತ್ತಿದ್ದ ಹಾಗೆ ಕಾಣುತ್ತಿತ್ತು.

ಸೊಸೆ ಉರುಳೆಗೆ ಭಾರ ಕೊಟ್ಟು ಓಡಿಸಿದಳು. ನೂರ ಅರವತ್ತೆರಡು. ಬಿಸಿಯ ಅಂಕಿ ನಲವತ್ತರ ಆಸುಪಾಸು. ಇನ್ನೊಮ್ಮೆ ಓಡಿಸಿದಳು, ಅಷ್ಟೇ. ಮತ್ತೊಮ್ಮೆ, ಅಷ್ಟೇ. ಸೋಲುವುದು ನಿಂತಿತ್ತು.

ಡಾಕ್ಟ್ರಿಗೆ ಶುಕ್ರವಾರವೇ ಹೇಳಿದಳು. ಎದುರಿಗೆ ಕೂರಿಸಿ, ದಾರ ತೋರಿಸಿ, ತೋಳು ತೋರಿಸಿ, ಸುತ್ತು ಬಳಸದೆ ಹೇಳಿದಳು. ಡಾಕ್ಟ್ರು ಸೀಟಿಗೆ ನಾನು ಹಾಕಿದ ಹೊಸ ಹೊಲಿಗೆಯ ಮೇಲೆ ಬೆರಳು ಆಡಿಸುತ್ತಿದ್ದರು.

"ಆ ಕಪ್ಪಿಗೆ ಕ್ಲಿನಿಕ್ಕಿನ ಕಪಾಟಿನಲ್ಲಿ ಜಾಗ ಮಾಡಿಟ್ಟಿದ್ದೆ," ಅಂದರು.

"ನನ್ನಿಂದ ಹೀಗಾಯ್ತು ಡಾಕ್ಟ್ರೇ."

"ನಿನ್ನಿಂದ ಏನು? ಹುಳುಕು ಕಂಡ ಮೇಲೆ ಚೆನ್ನಾಗಿದೆ ಹಲ್ಲು ಅಂತ ನಾನು ಹೇಳಿ ಕಳಿಸಿದ್ರೆ ನೀನು ಸುಮ್ಮನಿರ್ತೀಯಾ?" ಅಂದು ಎದ್ದರು. ಬಾಗಿಲಲ್ಲಿ ತಿರುಗಿ, "ಅಲ್ಲ, ನೂರ ಅರವತ್ತೆರಡು ಅಂದ್ಯಾ? ನನ್ನ ಗಾಡೀನಾ?" ಅಂತ ಕೇಳಿದರು. ಹೋಗುವಾಗ ಅವರ ನಡಿಗೆಯಲ್ಲಿ ಸಣ್ಣ ಜಂಬ ಇತ್ತು.

ಶನಿವಾರ ಪೀಪಿ ಮೇಷ್ಟ್ರು ಇನ್ನಿಬ್ಬರ ಜೊತೆ ಬಂದರು. ಸೊಸೆ ಕುರ್ಚಿ ಹಾಕಿಸಿದಳು. ಮೊದಲು ಬಾನೆಟ್ ತೆಗೆದು ಓಡಿಸಿದಳು. ನೂರ ನಲವತ್ತಾರು. "ಅವತ್ತು ನಾನು ಹೇಳಿದ್ದು ಇದನ್ನೇ," ಅಂದಳು. ಮೇಷ್ಟ್ರ ಜೊತೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏಳಲು ಹೊರಟರು. ಅಲ್ಲಿಗೆ ಮುಗಿಸಬಹುದಿತ್ತು. ಯಜಮಾನರು ನನ್ನ ಕಡೆ ನೋಡಿದರು.

"ಕೂತಿರಿ ಸರ್, ಇನ್ನೂ ಇದೆ," ಅಂದಳು ಸೊಸೆ.

ಗಾಡಿ ಆರುವ ತನಕ ಕಾದು ಬಾನೆಟ್ ಮುಚ್ಚಿದಳು, ತೋಳು ಕಟ್ಟಿದಳು. ನೂರ ಅರವತ್ತೆರಡು.

ಮೇಷ್ಟ್ರ ಕೈ ತಾನಾಗಿ ಪೀಪಿಗೆ ಹೋಗಿ ಅಲ್ಲೇ ನಿಂತಿತು. "ಇದರಲ್ಲಿ ಸುಳ್ಳು ಯಾವುದು?"

"ಎರಡೂ ಸುಳ್ಳಲ್ಲ ಸರ್. ಮೂಗು ಮುಚ್ಚಿದ್ರೆ ಅಷ್ಟು, ಉಸಿರಾಡಿದ್ರೆ ಇಷ್ಟು. ಗುಡ್ಡದ ಮೇಲೆ ಅದು ಉಸಿರಾಡ್ತಿತ್ತು. ನಾನು ಇಲ್ಲಿ ಮೂಗು ಮುಚ್ಚಿ ಅಳೆದಿದ್ದೆ. ತಪ್ಪು ನನ್ನ ಅಳತೇದು. ಡಾಕ್ಟ್ರದ್ದೂ ಅಲ್ಲ, ನಿಮ್ಮ ಗಡಿಯಾರದ್ದೂ ಅಲ್ಲ."

"ತಪ್ಪು ಬಾನೆಟ್ ತೆಗೆದವನದು," ಅಂದರು ಯಜಮಾನರು.

"ಮಾವ, ನೀವು ಸುಮ್ಮನಿರಿ."

"ನೀನು ಸುಮ್ಮನಿರು."

ಅವರ ಮರ್ಯಾದೆ ಮತ್ತೆ ಶುರುವಾಯಿತು. ಮೇಷ್ಟ್ರು ಎದ್ದು ಹೋಗಿ ಬಗ್ಗಿ ತೋಳನ್ನು ನೋಡಿದರು. ಬಳೆ ಒತ್ತಿ ನೋಡಿದರು, ಹೊಲಿಗೆಯ ಮೇಲೆ ಉಗುರು ಆಡಿಸಿದರು. ಕವಾಯತಿನಲ್ಲಿ ಮಕ್ಕಳ ಸಾಲು ನೋಡುವ ಕಣ್ಣು ಅದು, ಸೊಟ್ಟ ಕಂಡರೆ ಬಿಡುವುದಿಲ್ಲ.

"ನೆಟ್ಟಗಿದೆ," ಅಂದರು ಕೊನೆಗೆ.

ಕಪ್ಪು ಚಿಕ್ಕ ಗುಂಪಿನ ಎರಡನೆಯವನಿಗೆ ಹೋಯಿತು. ಡಾಕ್ಟ್ರ ಸಮಯವನ್ನು ದೊಡ್ಡ ಗುಂಪಿನಲ್ಲಿ ಬರೆದರು. ಅಲ್ಲಿ ಅವರು ನಾಲ್ಕನೆಯವರು. "ದೊಡ್ಡವರ ನಡುವೆ ನಾಲ್ಕು!" ಅಂತ ಬಾಯಿ ತೆರೆದು ಕೂತ ರೋಗಿಗಳಿಗೆಲ್ಲ ಹೇಳುತ್ತಾರಂತೆ. ಪಾಪ, ಅವರು ಎದುರು ಮಾತಾಡುವ ಹಾಗಿಲ್ಲ.

ನಮ್ಮ ಅಳತೆಯನ್ನು ಒಪ್ಪುತ್ತೇವೆ ಅಂತ ಮೇಷ್ಟ್ರು ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಸೋಮವಾರ ಬಾಗಿಲು ತೆಗೆಯುವಷ್ಟರಲ್ಲಿ ಮತ್ತೆ ನಿಂತಿದ್ದರು, ಈ ಸಲ ತಮ್ಮದೇ ಹಳೆಯ ಕಾರಿನ ಜೊತೆ. ಅದಕ್ಕೆ ಟರ್ಬೊ ಇಲ್ಲ, ಮೂಗೂ ಇಲ್ಲ. ಆದರೂ ತೋಳು ಕಟ್ಟಿಯೇ ಅಳೆಯಬೇಕೆಂದು ಹಟ ಹಿಡಿದರು.

"ಇದಕ್ಕೆ ಏನೂ ಪ್ರಯೋಜನ ಇಲ್ಲ ಸರ್," ಅಂದಳು ಸೊಸೆ.

"ಇರಲಿ ಕಟ್ಟಮ್ಮ. ಗಾಳಿ ಬಂದಾಗ ತೂರಿಕೋ ಅಂತಾರೆ."

ಯಜಮಾನರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಈಗ ಅವರಿಗೆ ಹೊಸ ಪದ್ಧತಿ. "ತೆಗೀಲಾ, ಮುಚ್ಚಲಾ?" ಅಂತ ಪ್ರತಿ ಕಾರಿಗೂ ಕೇಳುತ್ತಾರೆ.

"ನೀವು ಹೇಗೆ ಹೇಳ್ತೀರೋ ಹಾಗೆ ಮಾವ," ಅಂದಳು ಇವಳು.

"ಮುಚ್ಚಿ!" ಅಂದೆ ನಾನು ಕಿಟಕಿಯ ಕೆಳಗಿನಿಂದ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾ. ಫ್ಯಾನು ಹತ್ತಿತು. ತೋಳು ಮೆಲ್ಲಗೆ ತುಂಬಿಕೊಂಡು ಎದ್ದಿತು. ಅದರ ಮೊಣಕೈಯಲ್ಲಿ, ತೋಳು ಕಟ್ಟಿದ ದಿನ ಸೊಸೆ ಪರೀಕ್ಷೆಗೆಂದು ಅಂಟಿಸಿ ಮರೆತ ಒಂದು ಕೆಂಪು ದಾರ ಇನ್ನೂ ಇದೆ. ಕತ್ತರಿಸಬೇಕು ಅಂದುಕೊಂಡು ಪ್ರತಿ ಸಲ ಕತ್ತರಿ ಎತ್ತುತ್ತೇನೆ. ಅದು ಹಾರುವುದನ್ನು ನೋಡುತ್ತಾ ಕೂತುಬಿಡುತ್ತೇನೆ.